ಹಣ ಇಟ್ಟ ಕಂಪನಿ ಬಾಗಿಲು ಹಾಕಿದರೆ

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ಕಂಪನಿಯ ಮುಖ್ಯಸ್ಥ ನಾಪತ್ತೆಯಾದ ಸುದ್ದಿ ಹಬ್ಬಿದಾಗ ಶಿವಾಜಿನಗರದ ಕಚೇರಿ ಎದುರು ಜನಸಾಗರವೇ ನೆರೆಯಿತು. ಮಗಳ ಮದುವೆಗೆಂದು ಕೂಡಿಟ್ಟವರು, ನಿವೃತ್ತಿಯ ಹಣ ಸುರಿದವರು ಅಲ್ಲಿದ್ದರು. ಒಂದು ರೂಪಾಯಿಯನ್ನೂ ಇಡದವರಿಗೂ ಪೆಟ್ಟು ಬಿತ್ತು. ಕಂಪನಿ ದತ್ತು ಪಡೆದಿದ್ದ ಅಲ್ಲಿನ ಸರ್ಕಾರಿ ಶಾಲೆಯಲ್ಲಿ, ಅದರ ದುಡ್ಡಿನಿಂದಲೇ ಸಂಬಳ ಪಡೆಯುತ್ತಿದ್ದ ಶಿಕ್ಷಕರ ಕೈ ಬರಿದಾಯಿತು.

ಇಂಥ ದಿನ ಬಂದರೆ ಮೊದಲು ಕಾಗದಪತ್ರ ಜೋಡಿಸಿ. ಬಾಂಡ್, ರಸೀದಿ, ಪಾಸ್‌ಬುಕ್, ಏಜೆಂಟ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಬೇಕು. ನಗದು ಕೊಟ್ಟಿದ್ದರೆ ದಿನ, ಮೊತ್ತ, ಎದುರಿಗಿದ್ದವರ ಹೆಸರು ಬರೆದಿಡಿ. ಬಂದ ಲಾಭವನ್ನೂ ಮುಚ್ಚಿಡದೆ ಬರೆಯಿರಿ. ಬಾಕಿ ಲೆಕ್ಕ ಹಾಕುವಾಗ ಅದನ್ನು ಅಸಲಿನಲ್ಲಿ ಕಳೆಯಬಹುದು. ಮೂಲಪ್ರತಿ ಯಾರ ಕೈಗೂ ಹೋಗಬಾರದು.

ಆಮೇಲೆ ಠಾಣೆಗೆ ದೂರು. ಐಎಂಎ ಹೂಡಿಕೆದಾರರನ್ನು ಕಾಗದದ ಮೇಲೆ ‘ಪಾಲುದಾರ’ರನ್ನಾಗಿ ಮಾಡಿಕೊಂಡಿತ್ತು. ನಿಮ್ಮ ಪತ್ರದಲ್ಲೂ ಆ ಪದ ಕಂಡರೆ ನಮಗೆ ಹಕ್ಕಿಲ್ಲವೆಂದು ಹಿಂಜರಿಯಬೇಡಿ, ದೂರು ಕೊಡಿ.

ದೂರು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಬಹಳಷ್ಟು ಮಂದಿ ಎಡವುವುದು ಇಲ್ಲೇ. ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯ್ದೆಯಿದೆ. ಅದರಡಿ ಸರ್ಕಾರ ನೇಮಿಸುವ ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿಗೆ ವಿಶೇಷ ನ್ಯಾಯಾಲಯದ ಮೊರೆ ಹೋಗುತ್ತದೆ. ಹಣ ವಾಪಸಿಗೆ ಅರ್ಜಿ ಬೇರೆಯೇ ಹಾಕಬೇಕು. ಐಎಂಎ ಪ್ರಕರಣದಲ್ಲಿ ಆ ಅರ್ಜಿ ಕರೆದದ್ದು 2020ರ ಕೊನೆಗೆ, ಅಂದರೆ ಸುಮಾರು ಒಂದೂವರೆ ವರ್ಷದ ಬಳಿಕ. ಅಷ್ಟು ದಿನವೂ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಈ ನಡುವೆ ಮನೆ ನಡೆಯಬೇಕಲ್ಲ? ಶಾಲೆಗೆ ಹೋಗಿ ಫೀಸು ಕಂತಿನಲ್ಲಿ ಕಟ್ಟಲು ಲಿಖಿತವಾಗಿ ಕೇಳಿ. ಸಾಲದ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ತಿಳಿಸಿ. ಮೀಟರ್ ಬಡ್ಡಿಯ ಸಾಲಕ್ಕಂತೂ ಕೈಚಾಚಬೇಡಿ.

ನಿಮ್ಮನ್ನು ಕಂಪನಿಗೆ ಸೇರಿಸಿದ ಅಕ್ಕನೋ ಭಾವನೋ ಅಲ್ಲೇ ಹಣ ಕಳೆದುಕೊಂಡಿರಬಹುದು. ಅವರ ಬಾಗಿಲಿಗೆ ಹೋಗಿ ಜಗಳವಾಡಿದರೆ ನೆಂಟಸ್ತಿಕೆಯೂ ಹೋಗುತ್ತದೆ. ಕಮಿಷನ್ ಪಡೆದ ಅನುಮಾನವಿದ್ದರೆ ತನಿಖಾಧಿಕಾರಿಗೆ ಹೇಳಿ. ಇರುಳೆಲ್ಲ ನಿದ್ದೆಯಿಲ್ಲದೆ ಮಾತು ಬಿಟ್ಟು ಕೂತವರನ್ನು ಒಬ್ಬರನ್ನೇ ಬಿಡಬೇಡಿ. ಹಣಕ್ಕಿಂತ ಮೊದಲು ಅವರು ಬೇಕು.

ಕೆಲವೇ ವಾರಗಳಲ್ಲಿ ಇನ್ನೊಂದು ಫೋನ್ ಬರಬಹುದು: ‘ಇಷ್ಟು ಶುಲ್ಕ ಕಟ್ಟಿ, ನಿಮ್ಮ ಹಣ ಬಿಡಿಸಿಕೊಡುತ್ತೇವೆ.’ ಶುಲ್ಕ ಕಟ್ಟಬೇಡಿ, ಒಟಿಪಿ ಹೇಳಬೇಡಿ. ಖಾತೆಯಿಂದ ಹಣ ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.