ಮೋಡ್ ಬಟನ್ ಒತ್ತುವ ಮೊದಲು

ಕೊಯಮತ್ತೂರಿನಿಂದ ಪೊಳ್ಳಾಚಿ ರಸ್ತೆ ಹಿಡಿದರೆ ಕುರಿಚಿಯ ಸಿಡ್ಕೊ ಇಂಡಸ್ಟ್ರಿಯಲ್ ಎಸ್ಟೇಟ್ ಸಿಗುತ್ತದೆ. ಎರಕ, ಲೇತ್, ಪಂಪಿನ ಬಿಡಿಭಾಗ ಎಂದು ಹಗಲಿಡೀ ಸದ್ದಿನಲ್ಲಿರುವ ಸಣ್ಣ ಕಾರ್ಖಾನೆಗಳು. ಇಲ್ಲಿ ನೆಟ್‌ವರ್ಕ್ ನೋಡಿಕೊಳ್ಳಲೆಂದೇ ಒಬ್ಬರನ್ನು ಇಟ್ಟುಕೊಳ್ಳುವುದು ಅಪರೂಪ. ನೆಟ್‌ವರ್ಕ್ ಕೆಲಸಕ್ಕೆ ನನ್ನನ್ನು ಕರೆದ ಕಾರ್ಖಾನೆಯಲ್ಲಿ ಗೋಡೆಯ ಪೆಟ್ಟಿಗೆಯೊಳಗೆ ಕಪ್ಪು ಧೂಳು ಕೂತ ಒಂದು ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್ ಇತ್ತು. ಅದನ್ನು ಹಾಕಿದವರು ಯಾರ ಸಂಪರ್ಕದಲ್ಲೂ ಇರಲಿಲ್ಲ. ಪಾಸ್‌ವರ್ಡ್ ಇಲ್ಲ, ನಕ್ಷೆ ಇಲ್ಲ, ಕೇಬಲ್‌ಗಳ ಮೇಲೆ ಹೆಸರೂ ಇಲ್ಲ. ಹೊಸ ಸಿಎನ್‌ಸಿ ಯಂತ್ರಕ್ಕೆ ಪೋರ್ಟ್ ಬೇಕಿತ್ತು.

"ರೀಸೆಟ್ ಹೊಡೆದು ಹೊಸದಾಗಿ ಮಾಡಿಬಿಡಿ ಸಾರ್" ಎಂದರು ಸೂಪರ್‌ವೈಸರ್. ತಾಳವಾಡಿ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತು. ನಾನು ಒಪ್ಪಲಿಲ್ಲ. ಆ ಕಾರ್ಖಾನೆಯ ನೆಟ್‌ವರ್ಕಿಗೆ ಇದ್ದ ಏಕೈಕ ದಾಖಲೆ ಆ ಸ್ವಿಚ್ಚಿನೊಳಗೇ ಇತ್ತು.

ತಿಳಿನೀಲಿ ಕನ್ಸೋಲ್ ಕೇಬಲ್ ಸಿಕ್ಕಿಸಿ, ವೇಗ 9600ಕ್ಕೆ ಇಟ್ಟು ಎಂಟರ್ ಒತ್ತಿದೆ. ಕನ್ಸೋಲಿಗೆ ಪಾಸ್‌ವರ್ಡ್ ಇರಲಿಲ್ಲ. ಸೆಟ್ಟಿಂಗ್ ನೋಡಿ ಬದಲಿಸಬಹುದಾದ ಮೇಲಿನ ಹಂತ ಎನೇಬಲ್‌ಗೆ ಮಾತ್ರ ಇತ್ತು. ಕಾನ್ಫಿಗರೇಷನ್ ಕಾಣದಿದ್ದರೂ ಈ ಕೆಳಹಂತದಲ್ಲೇ ಎಷ್ಟೋ ತಿಳಿಯುತ್ತದೆ, ಆದರೂ ಹೆಚ್ಚಿನವರು ಇದನ್ನು ದಾಟಿ, ಪಾಸ್‌ವರ್ಡ್ ಇಲ್ಲದೆ ಒಳಹೋಗಲು ನೇರ ಮೋಡ್ ಬಟನ್‌ಗೆ ಕೈಹಾಕುತ್ತಾರೆ. 'ಶೋ ವರ್ಷನ್' ಒಂದೇ ಆದೇಶ ನನ್ನ ಎರಡು ಭಯಗಳಿಗೆ ಉತ್ತರ ಕೊಟ್ಟಿತು. ಸೇವ್ ಮಾಡದ ಬದಲಾವಣೆಗಳಿದ್ದರೆ ಕರೆಂಟ್ ತೆಗೆದೊಡನೆ ಹೋಗುತ್ತವೆ. ಆದರೆ ಸ್ವಿಚ್ ಕೊನೆಯ ಸಲ ಶುರುವಾದದ್ದು ವಿದ್ಯುತ್ ಮಂಡಳಿಯ ಹಿಂದಿನ ದುರಸ್ತಿ ದಿನದಂದು ಎಂದು ಅದು ಓಡಿದ ಅವಧಿಯೇ ಹೇಳಿತು. ಆಮೇಲೆ ಇದನ್ನು ಯಾರೂ ಮುಟ್ಟಿಲ್ಲ, ಎಲ್ಲವೂ ನಡೆಯುತ್ತಿದೆ ಎಂದರೆ ಬೇಕಾದ್ದೆಲ್ಲ ಫ್ಲ್ಯಾಶ್‌ನಲ್ಲಿದೆ ಎಂದರ್ಥ. ಪಾಸ್‌ವರ್ಡ್ ರಿಕವರಿ ಸೌಲಭ್ಯ ಚಾಲೂ ಇದೆ ಎಂಬ ಸಾಲೂ ಅಲ್ಲೇ ಇತ್ತು. ಅದನ್ನು ಬಂದ್ ಮಾಡಿದ್ದರೆ, ಬಟನ್ ದಾರಿಯಲ್ಲಿ ಒಳಹೋಗಲು ಕಾನ್ಫಿಗರೇಷನ್ನನ್ನೂ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಪಟ್ಟಿಯನ್ನೂ ಅಳಿಸಲೇಬೇಕಾಗುತ್ತಿತ್ತು.

ಆಮೇಲೆ ಪೋರ್ಟ್‌ಗಳ ಸ್ಥಿತಿ, ವಿಲ್ಯಾನ್‌ಗಳು, ಮ್ಯಾಕ್ ವಿಳಾಸಗಳನ್ನು ಪುಸ್ತಕಕ್ಕೆ ಇಳಿಸಿದೆ. ಮ್ಯಾಕ್ ವಿಳಾಸದ ಮೊದಲರ್ಧ ತಯಾರಕರನ್ನು ಹೇಳುವುದರಿಂದ ಯಾವುದು ಕ್ಯಾಮೆರಾ, ಯಾವುದು ಹಾಜರಿ ಯಂತ್ರ ಎಂದು ಬೇರ್ಪಡಿಸಿದೆ. ಉಳಿದವಕ್ಕೆ ಸೂಪರ್‌ವೈಸರ್ ಏಣಿ ಹತ್ತಿ ಕೇಬಲ್ ಜಾಡು ಹಿಡಿದರು.

ಭಾನುವಾರ ಮೋಡ್ ಬಟನ್ ಒತ್ತಿಹಿಡಿದೇ ಕರೆಂಟ್ ಕೊಟ್ಟೆ. ಸಿಸ್ಟಮ್ ದೀಪ ಕ್ಷಣ ಅಂಬರ್ ಆಗಿ ಸ್ಥಿರ ಹಸಿರಾದ ಮೇಲೆ ಬಿಟ್ಟೆ. ಫ್ಲ್ಯಾಶ್ ತೆರೆದು 'ಕಾನ್ಫಿಗ್ ಡಾಟ್ ಟೆಕ್ಸ್ಟ್' ಕಡತಕ್ಕೆ ಬೇರೆ ಹೆಸರಿಟ್ಟು ಬೂಟ್ ಮಾಡಿದಾಗ ಪಾಸ್‌ವರ್ಡ್ ಕೇಳದೆ ಎನೇಬಲ್ ಸಿಕ್ಕಿತು. ಆಗ ಎಲ್ಲ ಪೋರ್ಟ್‌ಗಳೂ ಒಂದೇ ವಿಲ್ಯಾನ್‌ಗೆ ಬಂದುಬಿಡುತ್ತವೆ. ರಜಾದಿನ ಆರಿಸಿದ್ದು ಅದಕ್ಕೇ. ಕಡತಕ್ಕೆ ಹಳೆಯ ಹೆಸರು ಕೊಟ್ಟು, ಅದನ್ನು ಓಡುತ್ತಿರುವ ಕಾನ್ಫಿಗರೇಷನ್‌ಗೆ ನಕಲಿಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿದೆ. ಹೀಗೆ ನಕಲಿಸಿದಾಗ ವಿಲ್ಯಾನ್ 1ರ ಇಂಟರ್‌ಫೇಸ್ ಮುಚ್ಚಿಯೇ ಉಳಿಯಬಹುದು. 'ನೋ ಶಟ್‌ಡೌನ್' ಕೊಟ್ಟು ತೆರೆದ ಮೇಲೆಯೇ ಸೇವ್ ಮಾಡಬೇಕು.

ಸೋಮವಾರ ಸಿಎನ್‌ಸಿಗೆ ಪೋರ್ಟ್ ಸಿಕ್ಕಿತು. ಕಾನ್ಫಿಗರೇಷನ್ ಪ್ರಿಂಟ್, ಪೋರ್ಟ್ ಪಟ್ಟಿ, ಪಾಸ್‌ವರ್ಡ್ ಇರುವ ಮುಚ್ಚಿದ ಲಕೋಟೆಯನ್ನು ಮಾಲೀಕರಿಗೇ ಕೊಟ್ಟೆ. ಇನ್ನೊಂದು ಪ್ರತಿ ನೀವೇ ಇಟ್ಟುಕೊಳ್ಳಿ ಎಂದರು. ಪೋರ್ಟ್ ಪಟ್ಟಿಯದನ್ನು ಮಾತ್ರ ತೆಗೆದುಕೊಂಡೆ.