ಸ್ವತಃಸಿದ್ಧ ಸತ್ಯ: ಅರಿವಿಗೂ ಶ್ರದ್ಧೆಗೂ ಅಡಿಪಾಯ



ಸಂಕ್ರಾಂತಿಯ ದಿನ ಪೂಜೆ ಮುಗಿಸಿ, ಎಳ್ಳು-ಬೆಲ್ಲ ಹಂಚಿ, ಸಂಜೆ ಮೌಂಟ್ ಮೌಂಗನುಯಿಯ ಕಡಲತೀರಕ್ಕೆ ಹೊರಟಿದ್ದೆವು. ಕಾರಿನ ಹಿಂದಿನ ಸೀಟಿನಿಂದ ನಮ್ಮ ಎಂಟು ವರ್ಷದ ಮಗಳು ಕೇಳಿದಳು: “ಅಪ್ಪಾ, ದೇವರು ಇದ್ದಾನೆ ಅಂತ ನಿಂಗೆ ಹೇಗೆ ಗೊತ್ತು?”

“ಅಜ್ಜ ಹೇಳಿಕೊಟ್ರು.”

“ಅಜ್ಜಂಗೆ ಯಾರು ಹೇಳಿದ್ರು?”

“ಅವರ ಅಪ್ಪ.”

“ಅವರಿಗೆ?”

ಹೀಗೆ ನಾಲ್ಕೈದು ತಲೆಮಾರು ಹಿಂದಕ್ಕೆ ಹೋದ ಮೇಲೆ ನಮಗೆ ಸಾಕಾಯಿತು. “ಅದು ಎಲ್ಲರಿಗೂ ಗೊತ್ತಿರೋದೇ ಪುಟ್ಟಿ, ಅದನ್ನೇನು ಕೇಳ್ತೀಯಾ?” ಎಂದುಬಿಟ್ಟೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಕ್ಲಾಸಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ವಲ್ಲಾ” ಅಂದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಊರಿನಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಕೇಳುವ ಸಂದರ್ಭವೇ ಬಂದಿರಲಿಲ್ಲ. ಬೀದಿಗೊಂದು ಗುಡಿ, ಮನೆಗೊಂದು ದೇವರ ಕೋಣೆ ಇರುವಲ್ಲಿ ನಂಬಿಕೆ ಗಾಳಿಯ ಹಾಗೆ ಸುತ್ತಲೂ ಇರುತ್ತದೆ. ಟೌರಂಗಾದಲ್ಲಿ ಹಾಗಿಲ್ಲ. ಇಲ್ಲಿ ಮಕ್ಕಳ ಪ್ರಶ್ನೆಗೆ ಊರು ಉತ್ತರ ಕೊಡುವುದಿಲ್ಲ, ನಾವೇ ಕೊಡಬೇಕು. ಅಂದಿನಿಂದ ಈ ವಿಷಯವಾಗಿ ನಾವು ಓದಿ ತಿಳಿದ ನಾಲ್ಕು ಮಾತುಗಳನ್ನು ಈ ಸಂಚಿಕೆಯ ಪಾಠವಾಗಿ ಹಂಚಿಕೊಳ್ಳುತ್ತಿದ್ದೇವೆ. ನಾವು ಪಂಡಿತರಲ್ಲ, ತಿಳಿದವರು ತಿದ್ದಬೇಕೆಂದು ಪ್ರಾರ್ಥನೆ.

1. ಪ್ರಶ್ನೆಯ ಸರಪಳಿ

ಒಂದು ಮಾತು ನಿಜವೆಂದು ತೋರಿಸಲು ಇನ್ನೊಂದು ಮಾತಿನ ಆಧಾರ ಬೇಕು. ಆ ಎರಡನೆಯದಕ್ಕೆ ಮೂರನೆಯದು ಬೇಕು. ಈ ಸರಪಳಿ ಎಲ್ಲಿ ಮುಗಿಯುತ್ತದೆ? ಯೋಚಿಸಿದರೆ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು, ಸರಪಳಿ ಮುಗಿಯುವುದೇ ಇಲ್ಲ ಎನ್ನುವುದು. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ‘ಅನವಸ್ಥೆ’ ಎಂಬ ಹೆಸರಿದೆ. ಹಾಗಾದರೆ ಯಾವ ಜ್ಞಾನವೂ ನೆಲೆ ನಿಲ್ಲುವುದಿಲ್ಲ. ಎರಡನೆಯದು, ಎರಡು ಮಾತುಗಳು ಒಂದಕ್ಕೊಂದು ಆತುಕೊಂಡು ನಿಲ್ಲುವುದು. ‘ದೇವರ ಮಾತಾದ್ದರಿಂದ ಶಾಸ್ತ್ರ ನಿಜ, ಶಾಸ್ತ್ರ ಹೇಳುವುದರಿಂದ ದೇವರಿರುವುದು ನಿಜ’ ಎಂದರೆ ಹೀಗೇ ಆಗುತ್ತದೆ. ಇದು ‘ಅನ್ಯೋನ್ಯಾಶ್ರಯ’ ದೋಷ. ಮೂರನೆಯದು, ಎಲ್ಲೋ ಒಂದು ಕಡೆ ಸರಪಳಿ ನಿಲ್ಲುತ್ತದೆ. ಅಲ್ಲಿರುವುದಕ್ಕೆ ಬೇರೆ ಆಧಾರ ಬೇಕಿಲ್ಲ, ಅದು ತನ್ನಿಂದ ತಾನೇ ಸಿದ್ಧ ಎನ್ನುವುದು. ಅದೇ ‘ಸ್ವತಃಸಿದ್ಧ’.

ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ನೀವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಅದು ನಿಜವಾದ ಬ್ಯಾಂಕೇ ಎಂದು ಬ್ರೌಸರ್ ಪರೀಕ್ಷಿಸುತ್ತದೆ. ಬ್ಯಾಂಕಿನ ಸರ್ಟಿಫಿಕೇಟಿಗೆ ಮೇಲಿನವರೊಬ್ಬರ ಸಹಿ, ಅವರಿಗೆ ಅವರ ಮೇಲಿನವರ ಸಹಿ, ಹೀಗೆ ಹೋಗಿ ಕೊನೆಗೆ ‘ರೂಟ್ ಸರ್ಟಿಫಿಕೇಟ್’ ಸಿಗುತ್ತದೆ. ಅದಕ್ಕೆ ಸಹಿ ಹಾಕಿದವರು ಯಾರು? ಅದಕ್ಕೆ ಅದೇ ಸಹಿ ಹಾಕಿಕೊಂಡಿರುತ್ತದೆ!

ಹಾಗೆಂದು ತನಗೆ ತಾನೇ ಸಹಿ ಹಾಕಿಕೊಂಡಿದ್ದೆಲ್ಲ ಸತ್ಯವೇ? ಅಲ್ಲ. ಹಾಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಯ ರೂಟ್ ಸರ್ಟಿಫಿಕೇಟನ್ನು ಜಗತ್ತಿನ ಬ್ರೌಸರ್‌ಗಳು ನಂಬಿದ್ದವು. 2011ರಲ್ಲಿ ಅದರ ಕಂಪ್ಯೂಟರ್‌ಗಳಿಗೆ ಕಳ್ಳರು ನುಗ್ಗಿ, ಗೂಗಲ್ ಹೆಸರಿನಲ್ಲೂ ಸುಳ್ಳು ಸರ್ಟಿಫಿಕೇಟ್ ಸೃಷ್ಟಿಸಿದರು. ಬ್ರೌಸರ್‌ಗಳು ಅದನ್ನು ಪಟ್ಟಿಯಿಂದ ಕಿತ್ತುಹಾಕಿದವು, ಅದೇ ವರ್ಷ ಸಂಸ್ಥೆ ದಿವಾಳಿಯಾಯಿತು. ಅಂದರೆ ಅದು ಸ್ವತಃಸಿದ್ಧವಾಗಿರಲಿಲ್ಲ. ‘ಇದನ್ನು ನಂಬೋಣ’ ಎಂದು ಯಾರೋ ಒಪ್ಪಿಕೊಂಡದ್ದಾಗಿತ್ತು. ಈ ವ್ಯತ್ಯಾಸ ನೆನಪಿರಲಿ.

2. ರೂಢಿ ಬೇರೆ, ಸ್ವತಃಸಿದ್ಧ ಬೇರೆ

‘ಎಲ್ಲರಿಗೂ ಗೊತ್ತಿರೋದೇ’ ಎಂದು ನಾವು ಹೇಳುವ ಎಷ್ಟೋ ಮಾತುಗಳು ಬರೀ ರೂಢಿ. ಇದನ್ನು ಟೌರಂಗಾದಷ್ಟು ಚೆನ್ನಾಗಿ ಕಲಿಸುವ ಊರು ಇನ್ನೊಂದಿಲ್ಲವೇನೋ. ಸಂಕ್ರಾಂತಿ ಎಂದರೆ ಚಳಿ, ಆಮೇಲೆ ಹಗಲು ಬೆಳೆಯುತ್ತದೆ ಎಂದು ನಾವು ಕಲಿತಿದ್ದೆವು. ಇಲ್ಲಿ ಸಂಕ್ರಾಂತಿ ನಡು ಬೇಸಿಗೆಯಲ್ಲಿ ಬರುತ್ತದೆ, ಹಗಲು ಆಗಲೇ ಕುಗ್ಗತೊಡಗಿರುತ್ತದೆ. ಯುಗಾದಿ ಎಂದರೆ ಚಿಗುರು ಎಂದುಕೊಂಡಿದ್ದೆವು. ಇಲ್ಲಿ ನಾವು ಬೇವು-ಬೆಲ್ಲ ತಿನ್ನುವ ಹೊತ್ತಿಗೆ ಶರತ್ಕಾಲ ಕಾಲಿಟ್ಟಿರುತ್ತದೆ, ಟಿ ಪುಕೆಯ ತೋಟಗಳಲ್ಲಿ ಕೀವಿ ಹಣ್ಣಿನ ಕೊಯ್ಲಿನ ಕಾಲ. ಮನೆ ನೋಡಲು ಹೋದರೆ ಉತ್ತರಕ್ಕೆ ಮುಖವಿರುವ ಮನೆಗೆ ಬಿಸಿಲು ಹೆಚ್ಚು ಎನ್ನುತ್ತಾರೆ, ಏಕೆಂದರೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದಲ್ಲೇ ಇರುತ್ತಾನೆ. ಊರಿನಲ್ಲಿ ‘ಕಣ್ಣಿಗೆ ಕಾಣುವ ಸತ್ಯ’ವಾಗಿದ್ದದ್ದು ಆ ಅಕ್ಷಾಂಶದ ಸತ್ಯ ಮಾತ್ರವಾಗಿತ್ತು!

ಗಣಿತದಲ್ಲೂ ಹೀಗೆ ಆಗಿದೆ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ಕೆಲವು ಮೂಲ ಮಾತುಗಳನ್ನು ಸಾಧನೆಯಿಲ್ಲದೆ ಒಪ್ಪಿಕೊಂಡು ರೇಖಾಗಣಿತ ಕಟ್ಟಿದ. ಅವುಗಳಲ್ಲಿ ಸಮಾಂತರ ರೇಖೆಗಳ ಮಾತು ಎರಡು ಸಾವಿರ ವರ್ಷ ಗಣಿತಜ್ಞರನ್ನು ಕಾಡಿತು. 19ನೇ ಶತಮಾನದಲ್ಲಿ ಲೊಬಾಚೆವ್‌ಸ್ಕಿ ಮತ್ತು ಬೋಯೈ ಆ ಮಾತನ್ನು ಕೈಬಿಟ್ಟೂ ವಿರೋಧವಿಲ್ಲದ ರೇಖಾಗಣಿತ ಕಟ್ಟಬಹುದೆಂದು ತೋರಿಸಿದರು. ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. ಎರಡು ರೇಖಾಂಶಗಳು ಭೂಮಧ್ಯರೇಖೆಯನ್ನು 90 ಡಿಗ್ರಿಯಲ್ಲೇ ದಾಟುತ್ತವೆ, ಆದರೂ ಧ್ರುವದಲ್ಲಿ ಸೇರುತ್ತವೆ. ಆ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಗಿಂತ ಹೆಚ್ಚು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಚಪ್ಪಟೆ ಹಾಳೆಗೆ ಮಾತ್ರ ಸತ್ಯ.

ಹಾಗಾದರೆ ಊರು ಬದಲಾದರೂ, ಹಾಳೆ ಬದಲಾದರೂ ಅಲುಗದ ಸತ್ಯ ಯಾವುದಾದರೂ ಇದೆಯೇ?

3. ನಮ್ಮ ನಾಡಿನ ಆಚಾರ್ಯರ ಉತ್ತರ

ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ‘ಪ್ರಾಮಾಣ್ಯವಾದ’ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ್ದಾರೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ಕಂಡಂತಾಗುತ್ತದೆ. ಅದು ನೀರೋ, ಬಿಸಿಲ್ಗುದುರೆಯೋ? ಹೇಗೆ ತಿಳಿಯುವುದು?

ನೈಯಾಯಿಕರು ಹೇಳುತ್ತಾರೆ: ಹತ್ತಿರ ಹೋಗಿ ಕುಡಿದು ನೋಡು. ಬಾಯಾರಿಕೆ ತೀರಿದರೆ ಮೊದಲಿನ ಜ್ಞಾನ ಸರಿ. ಅಂದರೆ ಒಂದು ಜ್ಞಾನ ಸರಿಯೆಂದು ಗೊತ್ತಾಗುವುದು ಬೇರೊಂದರಿಂದ. ಇದು ‘ಪರತಃ ಪ್ರಾಮಾಣ್ಯ’.

ಮೀಮಾಂಸಕರು ಕೇಳುತ್ತಾರೆ: ಬಾಯಾರಿಕೆ ತೀರಿತು ಎಂಬ ಜ್ಞಾನ ಸರಿಯೆಂದು ಹೇಗೆ ಗೊತ್ತು? ಅದಕ್ಕೆ ಮತ್ತೊಂದು ಪರೀಕ್ಷೆಯೇ? ಅನವಸ್ಥೆ ಬಂತಲ್ಲ! ಆದ್ದರಿಂದ ಜ್ಞಾನ ತನ್ನಿಂದ ತಾನೇ ಪ್ರಮಾಣ. ದೋಷ ಕಂಡಾಗ ಮಾತ್ರ ಅದನ್ನು ತಳ್ಳಿಹಾಕಬೇಕು. ಇದು ‘ಸ್ವತಃ ಪ್ರಾಮಾಣ್ಯ’.

ಇಲ್ಲೊಂದು ತೊಡಕಿದೆ. ಎಲ್ಲ ಜ್ಞಾನವೂ ತನ್ನಿಂದ ತಾನೇ ಸರಿಯಾದರೆ ಬಿಸಿಲ್ಗುದುರೆಗೆ ನಾವು ಮೋಸಹೋಗುವುದೇಕೆ, ಕೆಲವೊಮ್ಮೆ ಸಂಶಯಪಡುವುದೇಕೆ? ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ, 13ನೇ ಶತಮಾನದ ಮಧ್ವಾಚಾರ್ಯರ ಉತ್ತರ ನಮಗೆ ಬಹಳ ಹಿಡಿಸಿತು. ಕಣ್ಣು, ಕಿವಿ, ಮನಸ್ಸುಗಳಿಂದ ಬರುವ ಜ್ಞಾನ ತಪ್ಪಬಹುದು. ಅಲ್ಲಿ ಸಂಶಯ ಬಂದರೆ ಪರೀಕ್ಷೆ ಮಾಡಲೇಬೇಕು. ಆದರೆ ಪರೀಕ್ಷೆ ಕೊನೆಯಿಲ್ಲದೆ ನಡೆಯುವುದಿಲ್ಲ. ಅದು ‘ಸಾಕ್ಷಿ’ಯಲ್ಲಿ ಬಂದು ನಿಲ್ಲುತ್ತದೆ. ಸಾಕ್ಷಿ ಎಂದರೆ ಜೀವನ ಸ್ವರೂಪವೇ ಆದ ಅರಿವಿನ ಇಂದ್ರಿಯ. ‘ನಾನು’ ಎಂಬ ಅರಿವು, ಸುಖ, ದುಃಖ, ಕಾಲ, ಅವಕಾಶ, ‘ನನಗೆ ಹೀಗೆ ತಿಳಿಯಿತು’ ಎಂಬ ತಿಳಿವು, ಆ ತಿಳಿವು ಸರಿ ಎಂಬ ನಿಶ್ಚಯ, ಇವೆಲ್ಲ ಸಾಕ್ಷಿಗೆ ನೇರವಾಗಿ ಗೋಚರ. ಸಾಕ್ಷಿಯ ಅರಿವು ಎಂದೂ ತಪ್ಪುವುದಿಲ್ಲ ಎಂಬುದು ಅವರ ಸಿದ್ಧಾಂತ.

ಮಗು ಬಂದು ‘ಹೊಟ್ಟೆ ನೋಯ್ತಿದೆ’ ಎನ್ನುತ್ತದೆ ಎಂದುಕೊಳ್ಳಿ. ನೋವಿಗೆ ಕಾರಣ ಅಜೀರ್ಣವೋ ಮತ್ತೊಂದೋ ಎಂದು ಡಾಕ್ಟರು ಪರೀಕ್ಷಿಸಬಹುದು. ಶಾಲೆ ತಪ್ಪಿಸಲು ಸುಳ್ಳು ಹೇಳುತ್ತಿದೆಯೇ ಎಂದು ನಾವು ಸಂಶಯಪಡಬಹುದು! ಆದರೆ ನಿಜವಾಗಿ ನೋಯುತ್ತಿರುವ ಮಗುವಿಗೆ ‘ನನಗೆ ನೋವಿದೆಯೇ, ಇಲ್ಲವೇ’ ಎಂಬ ಸಂಶಯ ಬರುವುದಿಲ್ಲ. ಅಲ್ಲಿ ಪ್ರಶ್ನೆ ನಿಂತಿತು. ರೂಟ್ ಸರ್ಟಿಫಿಕೇಟಿಗೂ ಸಾಕ್ಷಿಗೂ ಇರುವ ವ್ಯತ್ಯಾಸ ಇದೇ. ಅದನ್ನು ಪಟ್ಟಿಯಿಂದ ಕಿತ್ತುಹಾಕಬಹುದು. ಸಾಕ್ಷಿಯನ್ನು ಕಿತ್ತುಹಾಕಲು ಹೊರಟರೆ, ಹೊರಟಿದ್ದೇನೆಂದು ತಿಳಿಯುವುದಕ್ಕೂ ಸಾಕ್ಷಿಯೇ ಬೇಕು.

ಈ ವಿಚಾರವನ್ನು 14ನೇ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಸಂಗ್ರಹವಾಗಿ ವಿವರಿಸಿದರು. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಗಂಗೇಶೋಪಾಧ್ಯಾಯರಂಥ ನೈಯಾಯಿಕರನ್ನು ಎದುರಿಸಿ ಇದನ್ನು ಸಮರ್ಥಿಸಿದರು. ಹಂಪಿಗೆ ಹೋದವರು ಆನೆಗೊಂದಿಯ ಬಳಿ ನವಬೃಂದಾವನದಲ್ಲಿ, 1539ರಲ್ಲಿ ದೇಹಬಿಟ್ಟ ವ್ಯಾಸತೀರ್ಥರ ಬೃಂದಾವನ ನೋಡಿರಬಹುದು.

ನಮ್ಮ ಸಂಘದಲ್ಲಿ ಎಲ್ಲ ಸಂಪ್ರದಾಯದ ಮನೆಗಳೂ ಇವೆ. ಸಿದ್ಧಾಂತಗಳಲ್ಲಿ ಭೇದವಿದ್ದರೂ ಈ ಒಂದು ಜಾಗದಲ್ಲಿ ಎಲ್ಲರೂ ಹತ್ತಿರ ಬರುತ್ತಾರೆ. ‘ನಾನಿಲ್ಲ’ ಎಂದು ಯಾರಿಗೂ ಅನ್ನಿಸುವುದಿಲ್ಲ, ಆತ್ಮನಿಗೆ ಬೇರೆ ಸಾಧನೆ ಬೇಕಿಲ್ಲ ಎಂಬುದು ಶಂಕರಾಚಾರ್ಯರ ಭಾಷ್ಯದ ಆರಂಭದಲ್ಲೇ ಬರುವ ವಿಚಾರ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರೂ ಅರಿವನ್ನು ಸ್ವಯಂಪ್ರಕಾಶವೆಂದೇ ಹೇಳುತ್ತಾರೆ. 12ನೇ ಶತಮಾನದ ಶರಣರು ಕೇಳಿದ ಮಾತಿಗಿಂತ ಸ್ವಂತ ಅರಿವಿಗೆ, ಅನುಭಾವಕ್ಕೆ ಮೊದಲ ಸ್ಥಾನ ಕೊಟ್ಟರು.

4. ಹಾಗಾದರೆ ದೇವರು?

ಮಗಳ ಪ್ರಶ್ನೆಗೆ ಮರಳೋಣ. ದೇವರ ಇರುವಿಕೆಯೂ ತಲೆನೋವಿನ ಹಾಗೆ, ‘ನಾನಿದ್ದೇನೆ’ ಎಂಬ ಅರಿವಿನ ಹಾಗೆ ನಮಗೆ ಸ್ವತಃಸಿದ್ಧವೇ?

ಇಲ್ಲ, ಮತ್ತು ನಮ್ಮ ಆಚಾರ್ಯರೂ ಹಾಗೆ ಹೇಳಿಲ್ಲ! ಇದನ್ನು ಓದಿದಾಗ ನಮಗೇ ಆಶ್ಚರ್ಯವಾಯಿತು. ಭಗವಂತನನ್ನು ಶಾಸ್ತ್ರದಿಂದಲೇ ತಿಳಿಯಬೇಕು, ಕಣ್ಣಿನಿಂದಾಗಲಿ ಬರೀ ತರ್ಕದಿಂದಾಗಲಿ ಅಲ್ಲ ಎಂದು ಮಧ್ವಾಚಾರ್ಯರು ಹೇಳುತ್ತಾರೆ. ಶಾಸ್ತ್ರವನ್ನು ‘ದೇವರು ಬರೆದದ್ದು’ ಎಂಬ ಕಾರಣಕ್ಕೆ ನಂಬಿ ಎಂದೂ ಹೇಳುವುದಿಲ್ಲ. ವೇದ ಅಪೌರುಷೇಯ, ಅಂದರೆ ಯಾರೂ ರಚಿಸಿದ್ದಲ್ಲ ಎಂಬುದು ವೇದಾಂತಿಗಳ ನಿಲುವು. ಮೊದಲು ಹೇಳಿದ ಅನ್ಯೋನ್ಯಾಶ್ರಯ ಇಲ್ಲಿ ಬಾರದಿರುವುದು ಇದರಿಂದಲೇ. ಆ ನಿಲುವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಅವರು ಎಷ್ಟು ಎಚ್ಚರದಿಂದ ಹೆಜ್ಜೆಯಿಟ್ಟರು ಎಂಬುದನ್ನು ಗಮನಿಸಿ.

ಅಷ್ಟೇ ಅಲ್ಲ, ಶಾಸ್ತ್ರಕ್ಕೂ ಒಂದು ಎಲ್ಲೆ ಇದೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬ ಅರ್ಥದ ಮಾತು ಶಂಕರರ ಗೀತಾಭಾಷ್ಯದ 18ನೇ ಅಧ್ಯಾಯದಲ್ಲಿದೆ. ಸಾಕ್ಷಿಯ ಅನುಭವಕ್ಕೆ ವಿರುದ್ಧವಾಗಿ ಶ್ರುತಿಗೆ ಅರ್ಥ ಹೇಳಬಾರದು ಎಂದು ಮಧ್ವರು ವಾದಿಸಿದರು. ಸ್ವತಃಸಿದ್ಧವಾದದ್ದು ಅಡಿಪಾಯ, ಶ್ರದ್ಧೆ ಅದರ ಮೇಲೆ ಕಟ್ಟಿದ ಮನೆ. ಮನೆಯ ಸಲುವಾಗಿ ಅಡಿಪಾಯ ಅಗೆಯಬಾರದು.

‘ಹಾಗಿದ್ದರೆ ಬರೀ ಮಾತಿನ ಮೇಲೆ ನಂಬಿಕೆಯೇ?’ ಎಂದು ಯಾರಾದರೂ ಕೇಳಬಹುದು. ನಮ್ಮ ತಿಳಿವಳಿಕೆಯ ಬಹುಪಾಲು ಬಂದಿರುವುದು ಆಪ್ತರ ಮಾತಿನಿಂದಲೇ. ನಾವು ಹುಟ್ಟಿದ ದಿನ ನಮಗೆ ನೆನಪಿಲ್ಲ, ಅಮ್ಮ ಹೇಳಿದ್ದನ್ನು ನಂಬಿದ್ದೇವೆ. ಕಡಲತೀರಕ್ಕೆ ಹೋಗುವ ಮುನ್ನ ಉಬ್ಬರ-ಇಳಿತದ ಪಟ್ಟಿ ನೋಡುತ್ತೇವೆ, ಲೆಕ್ಕ ಹಾಕಿ ಹೊರಡುವುದಿಲ್ಲ. ಆದರೆ ಆ ಪಟ್ಟಿಯನ್ನು ಅದೇ ಸಂಜೆ ಪರೀಕ್ಷಿಸಬಹುದು. ದೇವರ ವಿಷಯದ ಮಾತನ್ನು ಹಾಗೆ ಸುಲಭವಾಗಿ ಪರೀಕ್ಷಿಸಲಾಗದು. ಈ ವ್ಯತ್ಯಾಸವನ್ನು ಮಕ್ಕಳಿಂದ ಮುಚ್ಚಿಡಬಾರದು. ಮುಚ್ಚಿಟ್ಟರೆ ಅವರು ದೊಡ್ಡವರಾಗಿ ತಾವೇ ಕಂಡುಕೊಳ್ಳುತ್ತಾರೆ. ಆಗ ದೇವರ ಜೊತೆಗೆ ನಮ್ಮ ಮಾತಿನ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ.

ಕೆಲವು ವಾರಗಳ ನಂತರ ನಾವೇ ಮಾತು ತೆಗೆದೆವು. “ಅವತ್ತು ಎಲ್ಲರಿಗೂ ಗೊತ್ತಿರೋದು ಅಂತ ಹೇಳಿದ್ದು ತಪ್ಪು ಪುಟ್ಟಿ. ಈಗ ಹೇಳು, ನೀನು ಇದ್ದೀಯಾ ಅಂತ ನಿಂಗೆ ಯಾರು ಹೇಳಿದ್ರು?” ಆಕೆ ನಕ್ಕಳು. “ಯಾರೂ ಯಾಕೆ ಹೇಳ್ಬೇಕು? ನಾನೇ ಇದ್ದೀನಲ್ಲಾ!” ನಾವೆಂದೆವು, “ಅಲ್ಲಿಗೆ ಪ್ರಶ್ನೆ ನಿಲ್ಲುತ್ತೆ. ದೇವರ ವಿಷಯ ಹಾಗಲ್ಲ. ಅದು ನಾವು ನಂಬಿರೋದು. ಯಾಕೆ ನಂಬಿದ್ದೀವಿ ಅಂತ ನಿಂಗೆ ಹೇಳ್ತೀವಿ, ನೀನೂ ಯೋಚನೆ ಮಾಡು.”

“ನಿಮಗೆ ಡೌಟ್ ಬರಲ್ವಾ?”

“ಕೆಲವು ಸಲ ಬರುತ್ತೆ.”

ಹೀಗೆ ಹೇಳಿದರೆ ಮಗುವಿನ ನಂಬಿಕೆ ಹೋದೀತು ಎಂದು ಹೆದರಿದ್ದೆವು. ಹಾಗೇನೂ ಆಗಲಿಲ್ಲ. ಅಂದಿನಿಂದ ಪೂಜೆಯ ಹೊತ್ತಿನಲ್ಲಿ ಅವಳ ಪ್ರಶ್ನೆಗಳು ಹೆಚ್ಚಾಗಿವೆ, ಕೆಲವಕ್ಕೆ ಉತ್ತರ ಹುಡುಕಲು ನಾವು ಊರಿಗೆ ಫೋನ್ ಮಾಡಬೇಕಾಗಿದೆ.

ಮನೆಯಲ್ಲಿ ಎಲ್ಲರೂ ಕೂತು ಚರ್ಚಿಸಲು:

ಅ) ‘ಎಲ್ಲರಿಗೂ ಗೊತ್ತಿರೋದೇ’ ಎಂದು ನೀವು ಭಾವಿಸಿದ್ದು ನ್ಯೂಜಿಲೆಂಡಿಗೆ ಬಂದ ಮೇಲೆ ಹಾಗಲ್ಲವೆಂದು ಗೊತ್ತಾದ ಮೂರು ಸಂಗತಿಗಳನ್ನು ಬರೆಯಿರಿ.

ಆ) ಯಾರೂ ಹೇಳದೆ, ಯಾವ ಪರೀಕ್ಷೆಯೂ ಇಲ್ಲದೆ ನಿಮಗೆ ಗೊತ್ತಿರುವುದು ಏನು? ಪಟ್ಟಿ ಚಿಕ್ಕದಾದರೆ ಬೇಸರ ಬೇಡ.

ಇ) ನಿಮ್ಮ ಮನೆಯ ಒಂದು ಆಚರಣೆಯನ್ನು ಆರಿಸಿಕೊಳ್ಳಿ. ಅದು ರೂಢಿಯೋ, ಶ್ರದ್ಧೆಯೋ, ಎರಡೂ ಹೌದೋ? ಹಿರಿಯರನ್ನೂ ಕಿರಿಯರನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರಗಳನ್ನು ಹೋಲಿಸಿ ನೋಡಿ.

ನಿಮ್ಮ ಮಕ್ಕಳು ಕೇಳಿದ ಕಷ್ಟದ ಪ್ರಶ್ನೆಗಳಿದ್ದರೆ ದಯವಿಟ್ಟು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಕೂಡಿ ಯೋಚಿಸೋಣ.