ಒಂದು ಮೈನಸ್ ಚಿಹ್ನೆಗೆ ಮೂರು ವಾರ

ಮಂಗಳ ಸೂರ್ಯನ ಆಚೆಗೆ ಸರಿಯುವ ಯುತಿಯ ದಿನಗಳ ಡೇಟಾ ಮುಟ್ಟಬೇಡ ಅಂತ ಗೈಡ್ ಮೊದಲೇ ಹೇಳಿದ್ದರು. ನಾನು ಹಟ ಹಿಡಿದೆ. ಮಂಗಳವನ್ನು ಸುತ್ತುವ ನೌಕೆಯ ಕಕ್ಷೆ ಲೆಕ್ಕ ಹಾಕೋದೇ ನನ್ನ ಥೀಸಿಸ್. ಕೈಯಲ್ಲಿದ್ದದ್ದು ಎಸ್ ಬ್ಯಾಂಡ್‌ನ ರೇಡಿಯೋ ಸಂಕೇತದ ರೇಂಜ್ (ದೂರ) ಮತ್ತು ಡಾಪ್ಲರ್ (ವೇಗ) ಅಳತೆಗಳು. ಸೂರ್ಯನ ಕರೋನಾದ ಪ್ಲಾಸ್ಮಾದಿಂದಾಗುವ ವಿಳಂಬ ಲೆಕ್ಕ ಹಾಕುವ ಕೋಡನ್ನು ಸೀನಿಯರ್ ಒಬ್ಬರು ಕೊಟ್ಟರು. ಅದರ ಮೇಲೆ ಒಂದು ಸಾಲು: 'ಎರಡಕ್ಕೂ ಇದೇ.'

ರೇಂಜ್ ಚೆನ್ನಾಗಿ ಕೂತಿತು. ಡಾಪ್ಲರ್ ಕೂರಲೇ ಇಲ್ಲ. ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸದ ಗೆರೆ ಯುತಿಗೆ ಮುಂಚೆ ಒಂದು ಕಡೆ ಬಾಗಿ, ಆಮೇಲೆ ಇನ್ನೊಂದು ಕಡೆ ಬಾಗುತ್ತಿತ್ತು. ಸೌರಫಲಕದ ಮೇಲೆ ಬೀಳುವ ಬಿಸಿಲಿನ ಒತ್ತಡ ಇರಬೇಕು ಅಂತ ಅದನ್ನು ತಿದ್ದಿದೆ. ಸಾಲದ್ದಕ್ಕೆ ಇಲ್ಲದ ಬಲಗಳನ್ನೂ ಸೇರಿಸಿದೆ. ಕಕ್ಷೆ ಇನ್ನಷ್ಟು ಕೆಟ್ಟಿತು. ಮೂರನೇ ವಾರ, ರಾತ್ರಿ ಎರಡು ಗಂಟೆ. ಸಾಕಾಗಿ ಡಾಪ್ಲರ್‌ನ ಪ್ಲಾಸ್ಮಾ ತಿದ್ದುಪಡಿಯನ್ನೇ ಪೂರ್ತಿ ತೆಗೆದುಹಾಕಿದೆ. ಬಾಗು ಸರಿಯಾಗಿ ಅರ್ಧಕ್ಕಿಳಿಯಿತು. ಕೈ ತಣ್ಣಗಾಯಿತು. ತಿದ್ದಿದ್ದಕ್ಕೆ ತಪ್ಪು ಎರಡರಷ್ಟಾಗಿತ್ತು ಅಂದರೆ ಚಿಹ್ನೆಯೇ ಉಲ್ಟಾ.

ಪ್ಲಾಸ್ಮಾದೊಳಗೆ ಅಲೆಯ ಮೇಲೆ ಹೇರಿದ ರೇಂಜ್ ಗುರುತು ತಡವಾಗಿ ಬರುತ್ತದೆ, ಅಲೆಯ ಫೇಸ್ ಅಷ್ಟೇ ಮುಂಚಿತವಾಗಿ ಬರುತ್ತದೆ. ಡಾಪ್ಲರ್ ಹುಟ್ಟೋದು ಫೇಸ್‌ನಿಂದ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೂ ಆ ಒಂದು ಸಾಲನ್ನು ನಂಬಿದೆ. ಪರೀಕ್ಷಿಸದೆ ಬರೆದವರದ್ದೂ ತಪ್ಪೇ ಅಂತ ಇಂದಿಗೂ ಹೇಳುತ್ತೇನೆ.

ಈ ಕೆಲಸಕ್ಕೆ ಇಳಿಯುವವರು ಮೊದಲು ಚಿಹ್ನೆ ನೋಡಿ. ಎರಡು ಆವರ್ತನಗಳ ಡೇಟಾ ಸಿಕ್ಕರೆ ಬಿಡಬೇಡಿ: ಪ್ಲಾಸ್ಮಾದ ಪರಿಣಾಮ ಆವರ್ತನದ ವರ್ಗಕ್ಕೆ ವಿಲೋಮ, 8.4 ಗಿಗಾಹರ್ಟ್ಸ್‌ನಲ್ಲಿ ಇರುವುದು 32ರಲ್ಲಿ ಸುಮಾರು 14ನೇ ಒಂದು ಭಾಗ. ಎರಡನ್ನೂ ಹೋಲಿಸಿಯೇ 2002ರಲ್ಲಿ ಕ್ಯಾಸಿನಿ ನೌಕೆಯ ತಂಡ ಪ್ಲಾಸ್ಮಾವನ್ನು ಕಳೆದು ಐನ್‌ಸ್ಟೈನ್‌ನ ಸಿದ್ಧಾಂತವನ್ನು ಪರೀಕ್ಷಿಸಿತು. ಎಸ್ ಬ್ಯಾಂಡ್ ಒಂದೇ ಇದ್ದರೆ, ಭೂಮಿಯಿಂದ ನೋಡುವಾಗ ನೌಕೆ ಸೂರ್ಯನಿಗೆ ಹತ್ತಿರವಾದಷ್ಟೂ ಅಳತೆಗೆ ತೂಕ ಇಳಿಸಿ. ಚಿಹ್ನೆ ಸರಿಪಡಿಸಿದ ಮೇಲೂ ನನ್ನ ಕೊನೆಯ ಕೆಲ ದಿನಗಳ ಡಾಪ್ಲರ್ ಬರೀ ಗದ್ದಲವಾಗಿತ್ತು. ಅಷ್ಟರಮಟ್ಟಿಗೆ ಗೈಡ್ ಮಾತು ನಿಜ. ಆದರೆ ಗದ್ದಲವೆಂದು ಎಸೆಯಲೂ ಮನಸ್ಸು ಬಾರದು. 2015ರ ಜೂನ್‌ನಲ್ಲಿ ಮಂಗಳಯಾನ ಸೂರ್ಯನ ಆಚೆಗಿದ್ದಾಗ ಆದೇಶ ಕಳಿಸುವುದನ್ನು ನಿಲ್ಲಿಸಿದ್ದರು. ಅದೇ ಯುತಿಯ ಹೊತ್ತಿನ ಎಸ್ ಬ್ಯಾಂಡ್ ಸಂಕೇತದಿಂದಲೇ ಕರೋನಾದ ಅಧ್ಯಯನ ನಡೆದು 2022ರಲ್ಲಿ ಪ್ರಕಟವಾಯಿತು.

ಸೀನಿಯರ್‌ಗೆ ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಲ್ಯಾಬ್‌ನ ಕೋಡ್‌ನಲ್ಲಿ ಆ ಸಾಲನ್ನು ನಾನೇ ಅಳಿಸಿ, ಮೈನಸ್ ಹಾಕಿದ್ದೇನೆ.